ನ್ಯಾಷನಲ್ ಪಾರ್ಕ್ ರೇಂಜ್‌ಗೆ ಚಾರ್ಜ್ ತಗೊಳ್ತಿದ್ದೀನಿ: ಕಳ್ಳಬೇಟೆ ಮೊದಲಾ, ಪ್ರವಾಸಿಗರು ಮೊದಲಾ?

ಮುತ್ತುಗದ_ಹೂ
ಎಲ್ಲರಿಗೂ ನಮಸ್ಕಾರ. ಆರು ವರ್ಷ ಪ್ರಾದೇಶಿಕ ವಿಭಾಗದಲ್ಲಿ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ, ಅಂದರೆ ರೇಂಜರ್) ಆಗಿದ್ದೆ. ಮರ ಸಾಗಣೆ, ಒತ್ತುವರಿ, ನೆಡುತೋಪು, ಇಷ್ಟೇ ನನ್ನ ಪ್ರಪಂಚ. ಈಗ ವರ್ಗ ಆಗಿದೆ. ಹುಲಿ ಸಂರಕ್ಷಿತ ಪ್ರದೇಶದ ಒಳಗಿರುವ ರಾಷ್ಟ್ರೀಯ ಉದ್ಯಾನದ ಒಂದು ವಲಯ. ಹೆಸರು ಹೇಳಲ್ಲ, ಕೇಳಬೇಡಿ.

ಒಂದು ಕಡೆ ಸಫಾರಿ, ಇನ್ನೊಂದು ಕಡೆ ಹೆದ್ದಾರಿ, ಮತ್ತೊಂದು ಕಡೆ ಹೊಲಗಳು. ಐದು ಕಳ್ಳಬೇಟೆ ತಡೆ ಶಿಬಿರಗಳಿವೆ. ಸಿಬ್ಬಂದಿ ಮಂಜೂರಾದಷ್ಟು ಇಲ್ಲ, ಅದು ಎಲ್ಲ ಕಡೆ ಇರೋ ಕಥೆ. ಹಿಂದೆ ಇದ್ದವರಿಗೆ ಫೋನ್ ಮಾಡಿದೆ. "ಶನಿವಾರ ಭಾನುವಾರ ಗೇಟಲ್ಲಿ ನಿಂತ್ಕೊಳ್ಳಿ, ಉಳಿದದ್ದು ತಾನಾಗೇ ನಡೆಯುತ್ತೆ" ಅಂದರು. ವಾರಾಂತ್ಯಕ್ಕೆ ಶಿಬಿರದ ವಾಚರ್‌ಗಳನ್ನೇ ಕರೆಸಿ ಗೇಟಿಗೆ, ಹೆದ್ದಾರಿಗೆ ಹಾಕುತ್ತಿದ್ದರಂತೆ. ಹಾಗಾದರೆ ಆ ಎರಡು ದಿನ ಕಾಡು ಯಾರ ಕೈಯಲ್ಲಿರುತ್ತೆ?

ಅನುಭವ ಇರೋರು ಹೇಳಿ. ಮೊದಲ ಮೂರು ತಿಂಗಳು ಎಲ್ಲಿ ಗಮನ ಕೊಡಲಿ? ಕೇಸು, ಗಸ್ತಾ? ಇಲ್ಲಾ ಪ್ರವಾಸಿಗರ ಸುರಕ್ಷತೆಯಾ?

ಸುಮ್ನೆ_ಓದೋನು
ಮೊದಲು ಕ್ವಾರ್ಟರ್ಸ್‌ನಲ್ಲಿ ನೀರು ಬರುತ್ತಾ ನೋಡ್ಕೊಳ್ಳಿ ಸರ್. 😄

ವೀಕೆಂಡ್_ಸವಾರ
ಪ್ರವಾಸಿಗರಿಗೆ ದಂಡ ಹಾಕಿ, ಅಷ್ಟೇ. 2025ರ ಆಗಸ್ಟ್‌ನಲ್ಲಿ ಬಂಡೀಪುರ ಹೆದ್ದಾರಿಯಲ್ಲಿ ಆನೆ ಜೊತೆ ಸೆಲ್ಫಿಗೆ ಹೋದವನು ನೆನಪಿದೆಯಲ್ಲ? ಆನೆ ಕೆಡವಿ ತುಳಿಯಿತು, ಹೇಗೋ ಬದುಕಿಕೊಂಡ. ಆಮೇಲೆ 25 ಸಾವಿರ ದಂಡ, ಮೇಲೊಂದು ತಪ್ಪೊಪ್ಪಿಗೆ ವಿಡಿಯೊ. ಹೀಗೆ ಹತ್ತು ಜನಕ್ಕೆ ಮಾಡಿದರೆ ಹನ್ನೊಂದನೆಯವನು ಕಾರಿಂದ ಇಳಿಯಲ್ಲ. ವನ್ಯಜೀವಿ ಕಾಯ್ದೆಯ ಸೆಕ್ಷನ್ 27 ಇದೆ, ರೇಂಜರ್ ಅಲ್ಲೇ ರಸೀದಿ ಹರಿದು ಕೊಟ್ಟರೆ ಮುಗೀತು.

ಕರಿಕೋಟು_ಅಕ್ಕ
ಸವಾರರೇ, ಅಲ್ಲೇ ರಸೀದಿ ಹರಿದು ಕೊಡೋಕೆ ಅದೇನು ಹೆಲ್ಮೆಟ್ ಕೇಸಾ?

ಸೆಕ್ಷನ್ 27 ಇರೋದು ವನ್ಯಧಾಮಕ್ಕೆ. ರಾಷ್ಟ್ರೀಯ ಉದ್ಯಾನಕ್ಕೆ ಅದು ಅನ್ವಯ ಆಗೋದು 35(8)ರ ಮೂಲಕ. ದೋಷಾರೋಪದಲ್ಲಿ ಎರಡನ್ನೂ ಬರೆಯಬೇಕು. ಬರೆಯದೆ ಬಿಟ್ಟ ಕಾಗದ ನಾನೇ ನೋಡಿದ್ದೀನಿ. ಇನ್ನು ಕೋರ್ಟಿಗೆ ಹೋಗದೆ ಹಣ ಕಟ್ಟಿಸಿ ಮುಗಿಸೋ ರಾಜಿ ದಂಡ ಅಂದರೆ ಸೆಕ್ಷನ್ 54. ಅದನ್ನು ರೇಂಜರ್ ತಾನೇ ಮುಗಿಸೋ ಹಾಗಿಲ್ಲ, ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ದರ್ಜೆಗಿಂತ ಕೆಳಗಿನವರಿಗೆ ಆ ಅಧಿಕಾರ ಇಲ್ಲ. 2022ರ ತಿದ್ದುಪಡಿ ಆದ ಮೇಲೆ ರಾಜಿ ಮೊತ್ತದ ಗರಿಷ್ಠ ಮಿತಿ 25 ಸಾವಿರದಿಂದ 5 ಲಕ್ಷಕ್ಕೆ ಏರಿದೆ. ಕನಿಷ್ಠ ಜೈಲು ಶಿಕ್ಷೆ ಹೇಳಿರುವ ಅಪರಾಧಕ್ಕೆ, ಉದಾಹರಣೆಗೆ ಉದ್ಯಾನದ ಒಳಗೆ ಬೇಟೆ ಆಡಿದರೆ, ರಾಜಿಯ ಮಾತೇ ಇಲ್ಲ.

ಇನ್ನೊಂದು ತಮಾಷೆ ಇದೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವನಿಗೆ 27ರಲ್ಲೇ ವಿನಾಯಿತಿ ಇದೆ. ಅಂದರೆ ಕಾರು ಓಡುತ್ತಿರುವವರೆಗೆ ಅವನು ದಾರಿಹೋಕ. ಇಳಿದು ಚರಂಡಿ ದಾಟಿ ನಾಲ್ಕು ಹೆಜ್ಜೆ ಕಾಡಿಗೆ ಇಟ್ಟನೋ, ಅಕ್ರಮ ಪ್ರವೇಶ. ಆ ನಾಲ್ಕು ಹೆಜ್ಜೆಯ ಫೋಟೊ ನಿಮ್ಮ ಹತ್ತಿರ ಇರಬೇಕು. ಇಲ್ಲದಿದ್ದರೆ ಕೋರ್ಟಲ್ಲಿ ಅವನ ಪರ ನನ್ನಂಥವಳೇ ನಿಂತು "ನನ್ನ ಕಕ್ಷಿದಾರ ರಸ್ತೆ ಮೇಲೇ ಇದ್ದ" ಅಂತೀನಿ. 😉

ವೀಕೆಂಡ್_ಸವಾರ
ಸರಿ ಮೇಡಂ, ಸೋತೆ.

ಮಹಜರು_ಮಾಸ್ತರು
ನಾನು ಉಪವಲಯ ಅರಣ್ಯಾಧಿಕಾರಿಯಾಗಿ ನಿವೃತ್ತನಾದವನು. ರೇಂಜರ್ ಸಾಹೇಬರೇ, ಗೇಟು, ಕಾಡು ಎರಡನ್ನೂ ಬಿಟ್ಟು ಮೊದಲ ವಾರ ಆಫೀಸಿನ ಬೀರು ತೆಗೀರಿ. ಹಳೇ ಕೇಸು ಕಡತ ಎಲ್ಲ ಹೊರಗೆ ಹಾಕಿ. ಎಷ್ಟು ಕೇಸಲ್ಲಿ ಕೋರ್ಟಿಗೆ ದೂರು ಹೋಗಿದೆ, ಎಷ್ಟು ಬರೀ ಮೊದಲ ವರದಿಯಲ್ಲೇ ಮಲಗಿದೆ ನೋಡಿ. ನಿಮ್ಮ ವಲಯದ ಆರೋಗ್ಯ ಅಲ್ಲೇ ಗೊತ್ತಾಗುತ್ತೆ.

ನನ್ನದೇ ಒಂದು ಸೋಲು ಹೇಳ್ತೀನಿ. ಜಿಂಕೆ ಮಾಂಸದ ಕೇಸು. ಮೂವರು ಸಿಕ್ಕರು, ಬಂದೂಕು ಸಿಕ್ಕಿತು, ಚರ್ಮ ಸಿಕ್ಕಿತು. ಎಲ್ಲ ಪಕ್ಕಾ ಅಂತ ಎದೆ ಉಬ್ಬಿಸಿಕೊಂಡು ಓಡಾಡಿದೆ. ಮಹಜರಿನಲ್ಲಿ "ಸಂಜೆ 6.30ರಿಂದ 7.15ರವರೆಗೆ ಸ್ಥಳದಲ್ಲೇ ಬರೆಯಲಾಯಿತು" ಅಂತ ಬರೆದಿದ್ದೆ. ನಮ್ಮ ಜೀಪಿನ ಲಾಗ್ ಪುಸ್ತಕದಲ್ಲಿ ಚಾಲಕ "7.00ಕ್ಕೆ ವಲಯ ಕಚೇರಿಯಿಂದ ಹೊರಟಿದ್ದು" ಅಂತ ಬರೆದಿದ್ದ. ಎದುರು ವಕೀಲರು ಲಾಗ್ ಪುಸ್ತಕ ತರಿಸಿ ಒಂದೇ ಪ್ರಶ್ನೆ ಕೇಳಿದರು: "ಜೀಪು ಹೊರಡೋಕೆ ಮುಂಚೆನೇ ನೀವು ಕಾಡಲ್ಲಿ ಮಹಜರು ಬರೆದಿರಿ, ಹಾರಿಕೊಂಡು ಹೋದಿರಾ?" ಕೋರ್ಟ್ ಹಾಲೆಲ್ಲ ನಕ್ಕಿತು. ಪಂಚರಲ್ಲಿ ಒಬ್ಬ ಟೀ ಅಂಗಡಿಯವನು, ನಮ್ಮ ಬೇರೆ ಎರಡು ಕೇಸಿಗೂ ಅವನೇ ಪಂಚ. ಅದೂ ಹೊರಗೆ ಬಂತು. ಮೂವರೂ ಬಿಡುಗಡೆ. ಆಮೇಲೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕಾಗಲೆಲ್ಲ ಅವರಲ್ಲಿ ಒಬ್ಬ ನನಗೆ ಕೈಮುಗಿದು ನಮಸ್ಕಾರ ಮಾಡ್ತಿದ್ದ. ಆ ನಮಸ್ಕಾರ ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತೆ ಸ್ವಾಮಿ.

ಕರಿಕೋಟು_ಅಕ್ಕ
ಮಾಸ್ತರೇ, ಇದನ್ನು ಅಕಾಡೆಮಿಯಲ್ಲಿ ಪಾಠ ಮಾಡಬೇಕು.

ಸೇರಿಸೋದು ಸ್ವಲ್ಪ ಇದೆ. ಜಪ್ತಿ ಮಾಡುವಾಗ ಮೊಬೈಲಲ್ಲಿ ಶುರುವಿಂದ ಕೊನೆವರೆಗೂ ವಿಡಿಯೊ ಮಾಡಿ. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) ಜಾರಿಯಾದ ಮೇಲೆ ಸೆಕ್ಷನ್ 105ರಲ್ಲಿ ಪೊಲೀಸರ ಶೋಧ, ಜಪ್ತಿಗೆ ಇದು ಬಂದಿದೆ. ನ್ಯಾಯಾಧೀಶರು ನಿಮ್ಮನ್ನೂ ಕೇಳ್ತಾರೆ. ಮಾಂಸ, ಚರ್ಮವನ್ನು ಅಲ್ಲೇ ಅರಗು ಹಾಕಿ ಸೀಲ್ ಮಾಡಿ, ಮಾದರಿಯನ್ನು ಹೈದರಾಬಾದಿನ ಲ್ಯಾಕೋನ್ಸ್ ಪ್ರಯೋಗಾಲಯಕ್ಕೋ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಗೋ ಕಳಿಸಿ. "ನೋಡಿದರೆ ಜಿಂಕೆ ಮಾಂಸದ ಹಾಗಿತ್ತು" ಅನ್ನೋದು ಸಾಕ್ಷಿ ಅಲ್ಲ, ಊಟದ ಮಾತು. ಆರೋಪಿ ಹೇಳಿಕೆಯನ್ನು ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ಹತ್ತಿರ ಬರೆಸಿ. ಅಧಿಕಾರ ಪಡೆದ ಎಸಿಎಫ್ 50(8)ರ ಅಡಿ ಆರೋಪಿಯ ಎದುರಿಗೇ ದಾಖಲಿಸಿದ ಸಾಕ್ಷ್ಯಕ್ಕೆ ವಿಚಾರಣೆಯಲ್ಲಿ ಬೆಲೆ ಇದೆ. ಬಂಧಿಸಿದರೆ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ. ಆ ಲೆಕ್ಕ ತಪ್ಪಬೇಡಿ.

ಸಾಗರದಾಚೆ
ನಾನು ಅಮೆರಿಕದಲ್ಲಿ ಇರೋದು, ಅಲ್ಲಿನ ಪಾರ್ಕುಗಳನ್ನು ತುಂಬಾ ಸುತ್ತಿದ್ದೀನಿ. ಅಲ್ಲಿ ಚೀಫ್ ರೇಂಜರ್ ಅಂತ ಒಬ್ಬರು ಇರ್ತಾರೆ. ಕಾನೂನು ಜಾರಿ, ಪ್ರವಾಸಿಗರ ರಕ್ಷಣೆ, ಕಳೆದುಹೋದವರ ಹುಡುಕಾಟ ಎಲ್ಲ ಅವರ ಕೆಳಗೆ. ಯೆಲ್ಲೋಸ್ಟೋನ್‌ನಲ್ಲಿ ಕಾಡೆಮ್ಮೆಯಿಂದ 25 ಗಜ, ಕರಡಿ ಮತ್ತು ತೋಳದಿಂದ 100 ಗಜ ದೂರ ಇರಬೇಕು ಅನ್ನೋದು ನಿಯಮ, ಮುರಿದರೆ ಕೇಸು. ಯೊಸೆಮಿಟಿಯಲ್ಲಿ ಪಾರ್ಕ್ ಒಳಗೇ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ! ನಮ್ಮಲ್ಲೂ ಹಾಗೆ ಒಬ್ಬ ಅಧಿಕಾರಿಗೆ ಇದೊಂದೇ ಕೆಲಸ ಕೊಡಬೇಕು.

ಮಹಜರು_ಮಾಸ್ತರು
ತಮ್ಮಾ, ಆಸೆ ಒಳ್ಳೇದು. ಇಲ್ಲಿ ರೇಂಜರ್ ಅಂದರೆ ಬೆಳಗ್ಗೆ ಆನೆ ಕಂದಕದ ಅಳತೆ, ಮಧ್ಯಾಹ್ನ ಸೋಲಾರ್ ಬೇಲಿ ಬಿಲ್ಲು, ಸಂಜೆ ಬೆಳೆ ಪರಿಹಾರದ ಕಡತ, ರಾತ್ರಿ ಊರೊಳಗೆ ಬಂದ ಚಿರತೆ. ಮಧ್ಯೆ ವಿಐಪಿ ಬಂದರೆ ಹುಲಿ ಎಲ್ಲಿದೆ ಅಂತ ವಿಚಾರಿಸೋದು. ಚೀಫ್ ರೇಂಜರ್ ಕೆಲಸ ಇದರಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮಾಡಬೇಕು.

ಟೆಲಿಲೆನ್ಸ್_ಪ್ರಿಯ
ನಮ್ಮಲ್ಲಿ ದೂರದ ನಿಯಮ ಇಲ್ಲ ಅಂತ ಯಾರು ಹೇಳಿದ್ದು? ಎನ್‌ಟಿಸಿಎ (ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ) 2012ರಲ್ಲೇ ಪ್ರವಾಸೋದ್ಯಮದ ಮಾರ್ಗಸೂಚಿ ಕೊಟ್ಟಿದೆ. ಕೋರ್ ಪ್ರದೇಶದ ಶೇ 20ಕ್ಕಿಂತ ಜಾಸ್ತಿ ಜಾಗದಲ್ಲಿ ಪ್ರವಾಸ ಇರಬಾರದು ಅಂತಲೂ ಅದರಲ್ಲೇ ಇದೆ. ಪಾಲಿಸೋರು ಬೇಕಲ್ಲ.

ಜೀಪ್_ಸ್ವಾಮಿ
ಪಾಲಿಸೋರು ಅಂದ್ರೆ ಯಾರು ಸಾರ್? ಚಾಲಕ ತಾನೆ. ಹನ್ನೆರಡು ವರ್ಷ ಸಫಾರಿ ಗಾಡಿ ಓಡಿಸಿದ್ದೀನಿ, ನನ್ನ ಮಾತೂ ಕೇಳಿ.

ಒಂದ್ಸಲ ತಿರುವಲ್ಲಿ ಮರಿ ಜೊತೆ ಹೆಣ್ಣಾನೆ. ಕಿವಿ ಅಗಲ ಮಾಡಿ ನಿಂತಿತ್ತು. ಬಾಲ ನೆಟ್ಟಗೆ. ನಾನು ಇಂಜಿನ್ ಆರಿಸದೆ ರಿವರ್ಸ್ ಹಾಕಿ ಕಾಯ್ತಾ ಇದ್ದೆ. ಹಿಂದೆ ದೊಡ್ಡ ಲೆನ್ಸ್ ಇಟ್ಟುಕೊಂಡವರು ಒಬ್ಬರು "ಇನ್ನು ಹತ್ತಡಿ ಮುಂದೆ ಹೋಗಪ್ಪಾ, ಐನೂರು ಕೊಡ್ತೀನಿ" ಅಂತ ಭುಜ ತಟ್ಟಿದರು. ನಾನು ಹಿಂದಕ್ಕೆ ತಗೊಂಡೆ. ಆನೆ ನುಗ್ಗಿ ಬಂದು ನಾವಿದ್ದ ಜಾಗದಲ್ಲಿ ನಿಂತು ಧೂಳು ಎಬ್ಬಿಸಿ ವಾಪಸ್ ಹೋಯಿತು. ಸಂಜೆ ಏನಾಯ್ತು ಗೊತ್ತಾ? ಆ ಸಾಹೇಬರು ನನ್ನ ಮೇಲೆ ದೂರು ಕೊಟ್ಟರು, "ಚಾಲಕ ಸಹಕರಿಸಲಿಲ್ಲ" ಅಂತ. ನನ್ನನ್ನ ನಾಲ್ಕು ದಿನ ಕೂರಿಸಿದರು.

ಆಮೇಲೆ ನಾನೂ ಸೇರಿದಂಗೆ ಎಲ್ಲರೂ ಹತ್ತಡಿ ಮುಂದೆ ಹೋಗೋಕೆ ಶುರು ಮಾಡಿದ್ವಿ. ಯಾಕೆ ಹೋಗಲ್ಲ ಹೇಳಿ. ಆದ್ದರಿಂದ ರೇಂಜರ್ ಸಾರ್, ಬೇಡ ಅಂದ ಚಾಲಕನ ಪರ ಒಂದೇ ಒಂದು ಸಲ ಎಲ್ಲರ ಮುಂದೆ ನಿಂತುಬಿಡಿ. ಅದೇ ಸಂಜೆ ಎಲ್ಲಾ ಗಾಡಿಗಳಿಗೂ ಸುದ್ದಿ ಹೋಗುತ್ತೆ. ಅದಕ್ಕಿಂತ ದೊಡ್ಡ ಸುರಕ್ಷತಾ ಕ್ರಮ ಇಲ್ಲ.

ಟೆಲಿಲೆನ್ಸ್_ಪ್ರಿಯ
ಎಲ್ಲಾ ಫೋಟೊಗ್ರಾಫರ್‌ಗಳೂ ಹಾಗಿರಲ್ಲ ಅಣ್ಣ.

ಜೀಪ್_ಸ್ವಾಮಿ
ಇರಲ್ಲ ಸಾರ್. ಆದ್ರೆ ಐನೂರು ಕೊಡೋರು ಯಾವಾಗಲೂ ನನ್ನ ಗಾಡಿಗೇ ಹತ್ತೋರು.

ಕಾಡಂಚಿನ_ರೈತ
ಎಲ್ಲಾ ಓದಿದೆ. ಪ್ರವಾಸಿಗರ ರಕ್ಷಣೆ, ಹುಲಿ ರಕ್ಷಣೆ. ನಮ್ಮ ರಕ್ಷಣೆ ಯಾವ ಸೆಕ್ಷನ್‌ನಲ್ಲಿ ಬರುತ್ತೆ ಮೇಡಂ?

2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಜನ ಅರಣ್ಯ ಸಿಬ್ಬಂದಿಯನ್ನೇ ಹುಲಿ ಬೋನಿಗೆ ಹಾಕಿ ಕೂಡಿದರು. ಅದು ಸರಿ ಅಂತ ನಾನು ಹೇಳ್ತಿಲ್ಲ. ಬೋನಿನೊಳಗೆ ಕೂತವನು ನಮ್ಮ ಹಾಗೇ ಸಂಬಳಕ್ಕೆ ದುಡಿಯೋ ಹುಡುಗ. ಆದರೆ ಸಿಟ್ಟು ಎಲ್ಲಿಂದ ಬಂತು? ಫೋನ್ ಮಾಡಿದರೆ "ಗಾಡಿ ಸಫಾರಿಗೆ ಹೋಗಿದೆ" ಅಂತಾರೆ. ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನ ಕಾಡಂಚಿಗೆ ಕಳಿಸಿ ಅಂತ ಸರ್ಕಾರವೇ ಆದೇಶ ಮಾಡಬೇಕಾಯಿತು. ಆ ಮೊದಲು ಅದೇ ಗಾಡಿ, ಅದೇ ಜನ ಎಲ್ಲಿದ್ದರು ಅಂತ ನಮಗೂ ಲೆಕ್ಕ ಸಿಕ್ಕಿತು.

ವೀಕೆಂಡ್_ಸವಾರ
ಸಫಾರಿ ನಿಂತರೆ ಚಾಲಕರು, ಹೋಮ್‌ಸ್ಟೇ, ಹೋಟೆಲು ಎಲ್ಲರ ಹೊಟ್ಟೆ ಮೇಲೆ ಹೊಡೆತ ಅಲ್ವಾ? ಹೀಗೆ ಬಂದ್ ಮಾಡೋದು ಪರಿಹಾರ ಅಲ್ಲ.

ಕಾಡಂಚಿನ_ರೈತ
ಹೊಟ್ಟೆ ಮೇಲೆ ಹೊಡೆತ ಅಂದರೆ ಏನು ಅಂತ ಹತ್ತಿ ಹೊಲದಲ್ಲಿ ಗಂಡ ಸತ್ತವಳ ಹತ್ತಿರ ಹೋಗಿ ಕೇಳಿ.

ವೇದಿಕೆ_ನಿರ್ವಾಹಕಿ
ಇಬ್ಬರೂ ಸ್ವಲ್ಪ ತಣ್ಣಗಾಗಿ. ವೈಯಕ್ತಿಕ ಮಾತು ಬೇಡ.

ಮುತ್ತುಗದ_ಹೂ
ಕಾಡಂಚಿನ_ರೈತರೇ, ನೀವು ಹೇಳಿದ್ದು ಚುಚ್ಚಿತು, ಚುಚ್ಚಲೂಬೇಕು. ನಾನು ಎರಡೇ ಪಟ್ಟಿ ಮಾಡಿಕೊಂಡಿದ್ದೆ, ಮೂರನೇದು ಬಿಟ್ಟೇ ಹೋಗಿತ್ತು. ಒಂದು ಗಾಡಿಯನ್ನು ಹೊಲದ ಕಡೆಗೇ ಮೀಸಲಿಟ್ಟರೆ ಸಾಕಾಗುತ್ತಾ?

ಕಾಡಂಚಿನ_ರೈತ
ಗಾಡಿಗಿಂತ ಮೊದಲು ಫೋನ್ ಎತ್ತಿ ಸಾರ್. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಮಾಡಿದರೆ ಅವರು ನಿಮಗೇ ತಿಳಿಸ್ತಾರೆ. ನೀವು ಎತ್ತಬೇಕಷ್ಟೆ. ಹೇಳಿದ ಹೊತ್ತಿಗೆ ಬರೋಕಾಗದಿದ್ದರೆ ಆಗಲ್ಲ ಅನ್ನಿ. ನಾವೇ ಏನಾದ್ರೂ ಮಾಡ್ಕೊತೀವಿ. ಕಾಯಿಸಿ ಸಾಯಿಸಬೇಡಿ.

ಟೆಲಿಲೆನ್ಸ್_ಪ್ರಿಯ
"ನಾವೇ ಏನಾದ್ರೂ ಮಾಡ್ಕೊತೀವಿ" ಅನ್ನೋದೇ ಭಯ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ನ್ಯಾಷನಲ್ ಪಾರ್ಕ್‌ನಲ್ಲಿ ತಾಯಿ ಹುಲಿ, ನಾಲ್ಕು ಮರಿ ಒಟ್ಟಿಗೆ ಸತ್ತವು. ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದು.

ಕರಿಕೋಟು_ಅಕ್ಕ
ಅದು ನ್ಯಾಷನಲ್ ಪಾರ್ಕ್ ಅಲ್ಲ, ವನ್ಯಜೀವಿ ಧಾಮ. ಕ್ಷಮಿಸಿ, ಕಸುಬಿನ ಚಟ.

ಹಾಡಿ_ಹುಡುಗ
ನಾನು ಸೋಲಿಗರವನು. ಶಿಬಿರದಲ್ಲಿ ಗುತ್ತಿಗೆ ವಾಚರ್. ಇಲ್ಲಿ ಎಲ್ಲರೂ ದೊಡ್ಡೋರು ಮಾತಾಡ್ತಿದ್ದೀರಿ, ನಾನು ನಮ್ಮ ಶಿಬಿರದ್ದು ಹೇಳ್ತೀನಿ.

ನಾವು ಐದು ಜನ. ಒಂದು ವಾಕಿಟಾಕಿ. ಬ್ಯಾಟರಿ ಹಳೇದು, ಬೆಳಗ್ಗೆ ಚಾರ್ಜ್ ಹಾಕಿದ್ರೆ ಹನ್ನೊಂದು ಗಂಟೆಗೆ ಕೀ ಕೀ ಅಂತ ಅರಚಿ ಸಾಯುತ್ತೆ. ಆಮೇಲೆ ಸಂಜೆವರೆಗೂ ನಾವು ಬದುಕಿದ್ದೀವಾ ಅಂತ ಆಫೀಸಿಗೆ ಗೊತ್ತಿಲ್ಲ. ರೇಷನ್ ತಡವಾದ್ರೆ ಇಬ್ಬರು ಊರಿಗೆ ಹೋಗಿ ತರಬೇಕು, ಆ ದಿನ ಗಸ್ತಿಗೆ ಮೂವರೇ. ಸಂಬಳ ಎರಡು ಮೂರು ತಿಂಗಳು ನಿಂತದ್ದೂ ಇದೆ.

ಗಸ್ತು ಫೋನಲ್ಲಿ ದಾಖಲಾಗುತ್ತೆ. ಮೇಲಿನೋರು ಕಿಲೋಮೀಟರ್ ಎಷ್ಟು ಅಂತ ಕೇಳ್ತಾರೆ. ಜಾಸ್ತಿ ಕಿಲೋಮೀಟರ್ ಬೇಕು ಅಂದ್ರೆ ಜೀಪ್ ರಸ್ತೆ ಹಿಡಿದು ನಡೆದ್ರೆ ಆಯ್ತು, ಸುಲಭ. ಉರುಳು ಹಾಕೋನು ಜೀಪ್ ರಸ್ತೆಗೆ ಬರಲ್ಲವಲ್ಲ. ಎರಡು ಬೀಟ್ (ಒಬ್ಬೊಬ್ಬ ಗಾರ್ಡ್ ಗಸ್ತು ತಿರುಗೋ ಪ್ರದೇಶ) ಸೇರೋ ಗಡಿಯಲ್ಲಿ ಹಾಕ್ತಾನೆ. ಆ ಹಳ್ಳ ನಮ್ಮದು ಅಂತ ನಾವೂ ಅನ್ನಲ್ಲ, ಪಕ್ಕದೋರೂ ಅನ್ನಲ್ಲ. ಸಾರ್, ನೀವು ನಕ್ಷೆ ನೋಡುವಾಗ ಗೆರೆ ಇರೋ ಜಾಗ ನೋಡಬೇಡಿ. ಯಾರೂ ಹೋಗದೆ ಖಾಲಿ ಬಿಟ್ಟಿರೋ ಜಾಗ ನೋಡಿ.

ಆಮೇಲೆ ಒಂದು ರಾತ್ರಿ ನಮ್ಮ ಜೊತೆ ಮಲಗಿ. ಊಟ ಚೆನ್ನಾಗಿರುತ್ತೆ, ಅದಕ್ಕೆ ನಾನು ಗ್ಯಾರಂಟಿ.

ಕರಿಕೋಟು_ಅಕ್ಕ
ಇಡೀ ಚರ್ಚೆಯಲ್ಲಿ ಇದೇ ಒಳ್ಳೇ ಉತ್ತರ.

ಮಹಜರು_ಮಾಸ್ತರು
ಹುಡುಗ ಹೇಳಿದ್ದು ನೂರಕ್ಕೆ ನೂರು. ಉರುಳಿನ ತಂತಿ ಬೈಕ್ ಬ್ರೇಕ್ ಕೇಬಲ್‌ದು ಇರುತ್ತೆ. ಹಂದಿಗೆ ಅಂತ ಹಾಕ್ತಾರೆ. ಅದಕ್ಕೆ ಹಂದಿ ಯಾವುದು, ಹುಲಿ ಯಾವುದು ಗೊತ್ತಾಗಬೇಕಲ್ಲ.

ವೀಕೆಂಡ್_ಸವಾರ
ಬಂದೂಕು ಜಾಸ್ತಿ ಕೊಟ್ಟರೆ ಆಗಲ್ವಾ? ವೀರಪ್ಪನ್ ಕಾಲದಲ್ಲೇ ಕೊಡಬೇಕಿತ್ತು.

ಮಹಜರು_ಮಾಸ್ತರು
ವೀರಪ್ಪನ್ ಹೆಸರು ತೆಗೆದಿರಿ, ಹಾಗಾದರೆ ಡಿಸಿಎಫ್ ಶ್ರೀನಿವಾಸ್ ಅವರ ಹೆಸರೂ ತೆಗೀರಿ. ಗೋಪಿನಾಥಂ ಅವನ ಊರು. ಅಲ್ಲೇ ಹೋಗಿ ಜನಕ್ಕೆ ಔಷಧ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗ್ತೀನಿ ಅಂತ ನಂಬಿಸಿ ಕರೆಸಿಕೊಂಡು 1991ರ ನವೆಂಬರ್ 10ರಂದು ಕೊಂದ. ಸರ್ಕಾರ ಕೀರ್ತಿ ಚಕ್ರ ಕೊಟ್ಟಿತು. ಬಂದೂಕು ಬೇಡ ಅಂತ ನಾನು ಹೇಳಲ್ಲ, ಶಿಬಿರಕ್ಕೆ ಬೇಕೇ ಬೇಕು. ಆದರೆ ಆ ಊರಿನ ಮುದುಕರು ಇವತ್ತಿಗೂ ಅವರ ಹೆಸರು ಹೇಳೋದು ಬಂದೂಕಿಗಲ್ಲ.

ಜೀಪ್_ಸ್ವಾಮಿ
ನಾಗರಹೊಳೆ ಡೈರೆಕ್ಟರ್ ಮಣಿಕಂದನ್ ಸಾಹೇಬರು ನೆನಪಾದರು. 2018ರ ಮಾರ್ಚ್. ಬೆಂಕಿ ಬಿದ್ದ ಜಾಗ ನೋಡೋಕೆ ಕಾಲ್ನಡಿಗೆಯಲ್ಲಿ ಹೋಗಿದ್ದರು. ಆನೆ ಬಂತು, ಅವರು ಉಳಿಯಲಿಲ್ಲ. ಆ ದರ್ಜೆಯ ಅಧಿಕಾರಿ ತಾವೇ ನಡೆದು ಹೋಗಿದ್ದರು ಅನ್ನೋದನ್ನ ನಮ್ಮೋರು ಈಗಲೂ ಮಾತಾಡ್ತಾರೆ.

ಸುಮ್ನೆ_ಓದೋನು
ಬೇಸಿಗೆ ಬರ್ತಿದೆ. ಬೆಂಕಿ ಹರಡದ ಹಾಗೆ ಗಿಡ ಹುಲ್ಲು ತೆಗೆದು ಮಾಡೋ ಬೆಂಕಿ ರೇಖೆ ಮುಗಿದಿದೆಯಾ ಅಂತ ಮೊದಲು ಕೇಳಿ ಸರ್. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ವಾಯುಪಡೆ ಹೆಲಿಕಾಪ್ಟರೇ ನೀರು ಹೊತ್ತು ಬಂತು. (ನಾನೂ ಕೆಲಸದ ಮಾತಾಡಬಲ್ಲೆ!)

ಸಾಗರದಾಚೆ
ವಿಷಯಾಂತರಕ್ಕೆ ಕ್ಷಮೆ ಇರಲಿ. ಬಂಡೀಪುರದಲ್ಲಿ ರಾಣಾ ಅಂತ ಒಂದು ಪತ್ತೆ ನಾಯಿ ಇತ್ತಲ್ಲ, ಜರ್ಮನ್ ಶೆಫರ್ಡ್? ಚಿಕ್ಕವನಿದ್ದಾಗ ಪೇಪರಲ್ಲಿ ಅದರ ಫೋಟೊ ಕತ್ತರಿಸಿ ಇಟ್ಟುಕೊಂಡಿದ್ದೆ.

ಮಹಜರು_ಮಾಸ್ತರು
ಇತ್ತು. ಅದರ ಒಂದು ಗುಣ ಹೇಳಲಾ? ಅದು ಯಾವತ್ತೂ ಸುಳ್ಳು ಮಹಜರು ಬರೀಲಿಲ್ಲ.

ಟೆಲಿಲೆನ್ಸ್_ಪ್ರಿಯ
😂😂

ಪ್ರವಾಸಿಗರ ವಿಷಯಕ್ಕೆ ವಾಪಸ್ ಬರೋಣ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡಿ. ಖಾಸಗಿ ಗಾಡಿ ಮೇಲಕ್ಕೆ ಬಿಡಲ್ಲ, ಕೆಳಗೆ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಶುರುವಲ್ಲಿ ನಾನೂ ಗೊಣಗಿದೆ. ಈಗ ದಾರಿ ಮಧ್ಯೆ ಕಾರು ನಿಲ್ಲಿಸಿ ಹಾಡು ಹಾಕೋರೇ ಇಲ್ಲ. ಬಂಡೀಪುರ ಹೆದ್ದಾರಿಯ ರಾತ್ರಿ ಸಂಚಾರ ನಿಷೇಧವೂ ಹಾಗೇ. 2009ರಲ್ಲಿ ಬಂತು, ಮರುವರ್ಷ ಹೈಕೋರ್ಟ್ ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಬಂದ್. ನೂರು ಜನ ಸಿಬ್ಬಂದಿ ಕಾಯೋ ಕೆಲಸ ಒಂದು ಗೇಟು ಮಾಡುತ್ತೆ.

ಕರಿಕೋಟು_ಅಕ್ಕ
ಅದಕ್ಕೇ ಮೊದಲ ಪ್ರಶ್ನೆಯೇ ಸ್ವಲ್ಪ ತಪ್ಪು ಅಂತ ನನಗೆ ಅನಿಸೋದು. ಶನಿವಾರ ಹೆದ್ದಾರಿಯಲ್ಲಿ ನಿಲ್ಲೋ ಹುಡುಗ ಕಾರಿನ ನಂಬರು, ಹೊತ್ತು, ಜಾಗ ಒಂದು ಪುಸ್ತಕದಲ್ಲಿ ಬರೆದರೆ ಅದು ಸೋಮವಾರ ಬೇಟೆ ಕೇಸಿಗೂ ಸಾಕ್ಷಿ. ಬರೀ ಶಿಳ್ಳೆ ಊದಿ ಓಡಿಸಿದರೆ ಎರಡಕ್ಕೂ ಉಪಯೋಗ ಇಲ್ಲ.

ಮಹಜರು_ಮಾಸ್ತರು
ಒಪ್ಪಿದೆ. ಆದರೆ ಶಿಬಿರದವರನ್ನು ಕರೆಸಬೇಡಿ. ಗೇಟಿಗೆ ಬೇರೆ ಜನ ಕೇಳಿ, ಡಿಸಿಎಫ್ ಹತ್ತಿರ ಜಗಳ ಆಡಿಯಾದರೂ ಸರಿ. ಹೊಸಬರ ಜಗಳವನ್ನು ಮೇಲಿನವರು ಸಹಿಸ್ತಾರೆ. ಒಂದು ವರ್ಷ ಆದ ಮೇಲೆ ಸಹಿಸಲ್ಲ.

ಮುತ್ತುಗದ_ಹೂ
ಎಲ್ಲರಿಗೂ ಮತ್ತೆ ನಮಸ್ಕಾರ. ಚಾರ್ಜ್ ತಗೊಂಡು ಹನ್ನೊಂದು ದಿನ ಆಯಿತು. ಕ್ವಾರ್ಟರ್ಸ್‌ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತೆ.

ಬೀರು ತೆಗೆದೆ. ಒಂಬತ್ತು ಕಡತ ಮೊದಲ ವರದಿಯಲ್ಲೇ ಮಲಗಿದ್ದವು. ಒಂದರಲ್ಲಿ ಮಾದರಿ ಲ್ಯಾಬಿಗೇ ಹೋಗಿಲ್ಲ, ಡಬ್ಬಿ ಬೀರುವಿನೊಳಗೇ ಇದೆ. ವಾಸನೆ ಬಗ್ಗೆ ಹೇಳೋದು ಬೇಡ.

ಗಸ್ತಿನ ನಕ್ಷೆ ಮೂರು ತಿಂಗಳದ್ದು ಒಂದರ ಮೇಲೊಂದು ಇಟ್ಟು ನೋಡಿದೆ. ಎರಡು ಬೀಟ್ ಮಧ್ಯೆ ಒಂದು ಹಳ್ಳ, ಬಿಳಿ ಬಿಳಿಯಾಗಿ ಖಾಲಿ. ಮೊನ್ನೆ ಇಬ್ಬರು ವಾಚರ್ ಜೊತೆ ಇಳಿದೆ. ಮೂರು ಉರುಳು ಸಿಕ್ಕವು. ಎರಡು ತುಕ್ಕು ಹಿಡಿದಿದ್ದವು, ಮೂರನೇದರ ತಂತಿ ಇನ್ನೂ ಹೊಳೀತಿತ್ತು. ಮಹಜರು ಅಲ್ಲೇ ಕೂತು ಬರೆದೆವು. ಬರೆಯೋಕೆ ಮುಂಚೆ ಚಾಲಕನಿಗೆ ಕರೆ ಮಾಡಿ ಲಾಗ್ ಪುಸ್ತಕದಲ್ಲಿ ಎಷ್ಟು ಗಂಟೆ ಬರೆದಿದ್ದೀಯ ಅಂತ ಕೇಳಿದೆ, ಮಾಸ್ತರೇ.

ಶನಿವಾರ ಶಿಬಿರದಿಂದ ಯಾರನ್ನೂ ಕರೆಸಲಿಲ್ಲ. ಗೇಟಲ್ಲಿ ಗಲಾಟೆ ಆಯಿತು, ಸಾಲು ರಸ್ತೆವರೆಗೂ ಬಂತು, ಮೇಲಿಂದ ಫೋನೂ ಬಂತು. ಜಗಳ ನಡೀತಿದೆ.

ಮಹಜರು_ಮಾಸ್ತರು
ಭೇಷ್. ಆ ಹೊಳೆಯೋ ತಂತಿಯವನು ವಾಪಸ್ ಬಂದು ನೋಡ್ತಾನೆ. ಅಲ್ಲಿ ಇಬ್ಬರನ್ನ ಕೂರಿಸಿದ್ದೀರಾ?

ಮುತ್ತುಗದ_ಹೂ
ಇದ್ದಾರೆ ಸರ್. ಜಾಸ್ತಿ ಇಲ್ಲಿ ಬರೆಯಲ್ಲ.

ಹಾಡಿ_ಹುಡುಗ
ಬ್ಯಾಟರಿ ಬಂತಾ ಸಾರ್, ನಿಮ್ಮ ಶಿಬಿರಗಳಿಗೆ?

ಮುತ್ತುಗದ_ಹೂ
ಐದರಲ್ಲಿ ಎರಡು ಬಂತು. ಉಳಿದ ಮೂರಕ್ಕೆ ಇಂಡೆಂಟ್ ಹಾಕಿದ್ದೀನಿ. ಒಂದನ್ನ ನನ್ನ ಜೀಪಿನ ಸೆಟ್ಟಿಂದ ಬಿಚ್ಚಿ ಹಳ್ಳದ ಹುಡುಗರಿಗೆ ಕೊಟ್ಟಿದ್ದೀನಿ.

ಹಾಡಿ_ಹುಡುಗ
ಊಟ ಮಾಡಿದ್ರಾ ಶಿಬಿರದಲ್ಲಿ?

ಮುತ್ತುಗದ_ಹೂ
ಮಾಡಿದೆ. ಉಪ್ಪು ಜಾಸ್ತಿ ಇತ್ತು.